ದಿಂಬಿನೊಳಗಿನ ದಾರಿಗಲ್ಲು

ವಾಪಿಂಗ್, ಲಂಡನ್
೬ ಮಾರ್ಚ್ ೧೬೯೯

ಟಾಪ್ಶಮ್ ಊರಿನ ಕುಮಾರಿ ಟ್ಯಾಮ್ಸಿನ್ ಪಿಮ್ ಅವರ ದಿವ್ಯ ಸನ್ನಿಧಾನಕ್ಕೆ,

ಥೇಮ್ಸ್ ದಂಡೆಯ ದಿಕ್ಸೂಚಿ ಅಂಗಡಿಯ ಎರಡನೇ ಬೆಂಚಿನ ಅಧಿಪತಿ, ಉತ್ತರ ದಿಕ್ಕಿನ ಖಾಸಾ ಸೇವಕ, ಏಳು ವರ್ಷಗಳಿಂದ ಬೆಳ್ಳುಳ್ಳಿ ತ್ಯಜಿಸಿದ ಮಹಾತಪಸ್ವಿ ಟೋಬಿ ಲಸ್ಕಂಬ್ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಾನು ಕ್ಷೇಮ. ಬರುವ ಸೆಪ್ಟೆಂಬರಿಗೆ ಇಲ್ಲಿ ಕೆಲಸ ಕಲಿಯುವ ನನ್ನ ಕರಾರು ಮುಗಿಯುತ್ತದೆ. ಅಕ್ಟೋಬರಿನಲ್ಲಿ ನಿಮ್ಮೂರ ಚರ್ಚಿನಲ್ಲಿ ಮೂರು ಭಾನುವಾರ ನಮ್ಮಿಬ್ಬರ ಹೆಸರು ಕೂಗಿಸುವುದು, ಯಾರೂ ತಕರಾರು ಎತ್ತದಿದ್ದರೆ ಮದುವೆ ಎಂದು ನಿಮ್ಮಪ್ಪನ ಎದುರು ಆದ ಮಾತು ಆದಂತೆಯೇ ಇದೆ ಎಂದು ನಂಬಿದ್ದೇನೆ.

ಬೆಳ್ಳುಳ್ಳಿಯ ಕಥೆ ನಿನಗೆ ಗೊತ್ತಿಲ್ಲ. ನಮ್ಮ ಕೆಲಸವೆಂದರೆ ಉಕ್ಕಿನ ಸೂಜಿಗೆ ಸೂಜಿಗಲ್ಲನ್ನು ಸವರಿ ಅದು ಉತ್ತರಕ್ಕೆ ತಿರುಗುವಂತೆ ಮಾಡುವುದು. ಆ ಕಲ್ಲಿನ ಹತ್ತಿರ ಬೆಳ್ಳುಳ್ಳಿ ತಿಂದ ಬಾಯಿಂದ ಉಸಿರು ಬಿಟ್ಟರೆ ಕಲ್ಲಿನ ಶಕ್ತಿ ಸಾಯುತ್ತದೆ ಎಂದು ಯಜಮಾನ ಕ್ರಿಪ್ಸ್ ನಂಬಿದ್ದಾನೆ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ನಮ್ಮ ಬಾಯಿ ಮೂಸುತ್ತಾನೆ.

"ಆ ಅನ್ನು."

"ಆ."

"ಈರುಳ್ಳಿ?"

"ನಿನ್ನೆ ಮಧ್ಯಾಹ್ನ, ಯಜಮಾನ್ರೇ. ಬರೀ ಅರ್ಧ."

"ಹೊರಗೆ ಕೂತು ಪೆಟ್ಟಿಗೆ ಉಜ್ಜು, ಹೋಗು."

ಕಳೆದ ವಾರ ಅವನ ಕೊರಳವಸ್ತ್ರಕ್ಕೇ ಬೆಳ್ಳುಳ್ಳಿ ತಿಕ್ಕಿಟ್ಟೆ. ಇಡೀ ದಿನ ಪಾಪ ಎಲ್ಲರ ಬಾಯಿಯನ್ನೂ ಎರಡೆರಡು ಸಲ ಮೂಸಿದ. ಅವನ ಮೂಗಿನಡಿಯಲ್ಲೇ ನಾವು ನಲವತ್ತು ಸೂಜಿ ಸವರಿದೆವು, ನಲವತ್ತೂ ಉತ್ತರಕ್ಕೇ ನಿಂತವು. ಹೀಗೆ ಮೂಢನಂಬಿಕೆಯನ್ನು ಸಂಹರಿಸಿದ ವೀರ ನಾನು.

ಇನ್ನೊಂದು ಸಣ್ಣ ವಿಷಯ. ನಿಮ್ಮ ಮಹಡಿಯ ಕೋಣೆಗೆ ಫಿಚ್ ಎಂಬ ಬಾಡಿಗೆದಾರ ಬಂದಿದ್ದಾನೆ, ಓದಿದವನು ಎಂದು ನೀನು ಬರೆದಿದ್ದೆ. ಹಲ್ಲಿಲ್ಲದ ಮುದುಕನಿರಬೇಕೆಂದು ಊಹಿಸಿ ನೆಮ್ಮದಿಯಿಂದಿದ್ದೇನೆ. ಊಹೆ ಸರಿ ತಾನೇ?

ನಿನ್ನ ಪಾದಸೇವಕ,
ಟೋಬಿ

*

ಟಾಪ್ಶಮ್, ಡೆವನ್
೧೩ ಮಾರ್ಚ್

ಟೋಬಿ,

ಹಲ್ಲು ಮೂವತ್ತೆರಡೂ ಇವೆ. ವಯಸ್ಸು ಇಪ್ಪತ್ತೇಳು.

ಫಿಚ್ ಅವರು ಹಳೆಯ ಮಾತುಗಳನ್ನು ಕೂಡಿಹಾಕಿ ಪುಸ್ತಕ ಮಾಡುತ್ತಿದ್ದಾರೆ. ಬೆಳಿಗ್ಗೆ ಎದ್ದರೆ ಬಲೆ ಹೆಣೆಯುವವರ ಹತ್ತಿರ, ಸಾಲ್ಮನ್ ಮೀನು ಹಿಡಿಯುವವರ ಹತ್ತಿರ ಹೋಗಿ "ಇದಕ್ಕೆ ನಿಮ್ಮಜ್ಜಿ ಏನಂತಿದ್ರು?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ಊರವರು ಮೊದಲು ನಕ್ಕರು. ಈಗ ತಾವೇ ಕರೆದು ಹೇಳುತ್ತಾರೆ. ನಾನೂ ಹನ್ನೆರಡು ಮಾತು ಕೊಟ್ಟಿದ್ದೇನೆ. ಎಲ್ಲದರ ಮುಂದೆ ನನ್ನ ಹೆಸರು ಬರೆದುಕೊಂಡಿದ್ದಾರೆ.

ಭಾನುವಾರ ಊಟಕ್ಕೆ ಕೂತಾಗ ನಿನ್ನ ಕೆಲಸದ ಮಾತು ಬಂತು. ಲೋಡ್‌ಸ್ಟೋನ್ ಎಂದು ಕರೆಯುವ ನಿನ್ನ ಸೂಜಿಗಲ್ಲು ಅಂದರೆ ಹೊರೆ ಹೊರುವ ಕಲ್ಲು, ಕಬ್ಬಿಣದ ಹೊರೆ ಎತ್ತುವುದರಿಂದ ಆ ಹೆಸರು ಎಂದು ನೀನು ಹೇಳಿಕೊಟ್ಟಿದ್ದೆಯಲ್ಲ, ಅದನ್ನೇ ನಾನು ಜಂಬದಿಂದ ಹೇಳಿದೆ. ಫಿಚ್ ಅವರು ಚಮಚ ಕೆಳಗಿಟ್ಟರು.

"ಬೇಜಾರು ಮಾಡ್ಕೋಬೇಡಿ. ಎಲ್ಲರೂ ಹಾಗೇ ಅಂದ್ಕೊಂಡಿದಾರೆ, ಆದ್ರೆ ಅದು ಹೊರೆ ಅಲ್ಲ. ಲೋಡ್ ಅಂದ್ರೆ ನಮ್ಮ ಹಿಂದಿನವರ ಮಾತಲ್ಲಿ ದಾರಿ. ಪ್ರಯಾಣ. ಅದು ದಾರಿ ತೋರ್ಸೋ ಕಲ್ಲು. ಉತ್ತರದ ನಕ್ಷತ್ರಾನ ಲೋಡ್‌ಸ್ಟಾರ್ ಅನ್ನೋದು ಅದಕ್ಕೇ. ತವರದ ಗಣಿಯೋರು ಅದಿರಿನ ಎಳೆಗೆ ಲೋಡ್ ಅಂತಾರಲ್ಲ, ಅದೂ ಇದೇ ಮಾತು, ನೆಲದೊಳಗೆ ಹೋಗೋ ದಾರಿ." ಆಮೇಲೆ ಅಪ್ಪನ ಕಡೆ ತಿರುಗಿ, "ಅಳಿವೇಲಿ ಹಡಗಿಗೆ ದಾರಿ ತೋರ್ಸೋ ನಿಮ್ಮಂಥೋರಿಗೆ ಹಿಂದೆ ಏನಂತಿದ್ರು ಗೊತ್ತಾ? ಲೋಡ್ಸ್‌ಮನ್."

ಅಪ್ಪ ಮೂವತ್ತು ವರ್ಷಗಳಿಂದ ಎಕ್ಸ್ ನದಿಯ ಬಾಯಲ್ಲಿ, ಮರಳ ದಿಬ್ಬಗಳ ನಡುವೆ ಹಡಗು ನಡೆಸುತ್ತಿದ್ದಾರೆ. ಅವರ ಕೆಲಸಕ್ಕೆ ಹೀಗೊಂದು ವಂಶಾವಳಿ ಇದೆ ಎಂದು ಯಾರೂ ಹೇಳಿರಲಿಲ್ಲ.

"ಅಂದ್ರೆ ಆ ಕಲ್ಲೂ ನಾನೂ ಒಂದೇ ಮನೆತನ ಅನ್ನಿ," ಅಂದರು.

"ಒಂದೇ ಬೇರು, ಪಿಮ್ ಅವರೇ."

ಅಪ್ಪ ಒಳಗಿಟ್ಟಿದ್ದ ಒಳ್ಳೆಯ ಸೇಬಿನ ಸೈಡರ್ ಮದ್ಯವನ್ನು ತಾವಾಗಿ ಎದ್ದು ತಂದರು. ಅದನ್ನು ನಿನಗೆ ಕೊಟ್ಟಿದ್ದು ನನಗೆ ನೆನಪಿಲ್ಲ.

ಟ್ಯಾಮ್ಸಿನ್

*

ವಾಪಿಂಗ್
೨೦ ಮಾರ್ಚ್

ಘನತೆವೆತ್ತ ನ್ಯಾಯಸ್ಥಾನಕ್ಕೆ,

ನಿನ್ನ ಕಾಗದವನ್ನು ಸಾಕ್ಷಿಗಳ ಸಮ್ಮುಖದಲ್ಲಿ ತೂಗಿ ನೋಡಲಾಯಿತು. ಅದರಲ್ಲಿ ಫಿಚ್, "ಅವರು" ಎಂಬ ಬಾಲದೊಂದಿಗೆ, ಎರಡು ಸಲ ಹೆಸರು ಹಿಡಿದು ಬಂದಿದ್ದಾನೆ. ಹೆಸರಿಲ್ಲದೆ ಎಲ್ಲ ಸಾಲಿನಲ್ಲೂ ಓಡಾಡಿದ್ದಾನೆ. ಟೋಬಿ ಮೊದಲ ಸಾಲಿನಲ್ಲಿ ಒಮ್ಮೆ ಬಂದು ಹೋಗಿದ್ದಾನೆ, ಬಾಲವಿಲ್ಲದೆ.

ಲೋಡ್ ಅಂದರೆ ದಾರಿಯೋ ಹೊರೆಯೋ ಯಜಮಾನರನ್ನು ಕೇಳಿದೆ. "ಒಂಬತ್ತು ಪೌಂಡು ಕಬ್ಬಿಣ ಎತ್ತೋ ಕಲ್ಲಿಗೆ ಇನ್ನೇನಂತಾರೆ? ನಿನ್ನ ಕೇಳೋಕೆ ಕಳಿಸಿದ ಆ ಪಂಡಿತ ಜನ್ಮದಲ್ಲಿ ಒಂದು ಕಲ್ಲಾದ್ರೂ ಮುಟ್ಟಿದಾನಾ?" ಅಂದರು. ನನ್ನ ಪ್ರಶ್ನೆಯೂ ಅದೇ. ಕಲ್ಲು ಮುಟ್ಟಿ ಮುಟ್ಟಿ ಬೆರಳು ಕಪ್ಪಾದವನು ನಾನು. ಮಾತು ಮುಟ್ಟಿದವನಿಗೆ ಸೈಡರ್.

ಇರಲಿ. ನನ್ನ ಹೃದಯ ವಿಶಾಲವಾದುದು. ಅದರ ಗುರುತಿಗೆ ಇದರ ಜೊತೆ ಎಕ್ಸಿಟರ್ ಗಾಡಿಯಲ್ಲಿ ಒಂದು ದಿಂಬು ಕಳುಹಿಸಿದ್ದೇನೆ. ಬಾತುಕೋಳಿ ಗರಿ, ದಪ್ಪ ಬಟ್ಟೆ. ಹೊಲಿಗೆ ನನ್ನದೇ, ಆದ್ದರಿಂದ ಬಿಚ್ಚಬೇಡ. ಅದರ ಮೇಲೆ ಮಲಗಿ, ಹೇಗೆ ನಿದ್ದೆ ಬಂತೆಂದು ವಿವರವಾಗಿ ಬರೆ.

ಟೋಬಿ

*

(ಕಳುಹಿಸದೆ ಇಟ್ಟುಕೊಂಡ ಹಾಳೆ)
ಅದೇ ದಿನ

ಟ್ಯಾಮ್ಸಿನ್, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ, ಆದ್ದರಿಂದ ನಿನಗೇ ಹೇಳುತ್ತೇನೆ, ಕಳುಹಿಸುವುದಿಲ್ಲ.

ಈ ಅಂಗಡಿಗೆ ಬರುವ ನಾವಿಕರಲ್ಲಿ ಒಂದು ಮಾತಿದೆ. ಮಲಗಿದ ಹೆಣ್ಣಿನ ತಲೆಯಡಿ ಸೂಜಿಗಲ್ಲು ಇಡಬೇಕು. ಮನಸ್ಸು ನೆಟ್ಟಗಿದ್ದರೆ ಹಾಯಾಗಿ ನಿದ್ದೆ ಮಾಡುತ್ತಾಳೆ. ಇನ್ನೊಬ್ಬನ ಕಡೆ ತಿರುಗಿದ್ದರೆ ಮಂಚದಿಂದ ಉರುಳಿ ಬೀಳುತ್ತಾಳೆ. ದೂರ ಸಮುದ್ರಕ್ಕೆ ಹೋಗಿ ಬಂದ ಗಂಡಸರು ಹಲ್ಲು ಕಿಸಿಯುತ್ತಾ ಬಂದು ಒಂದು ರಾತ್ರಿಗೆ ಕಲ್ಲು ಕೇಳುತ್ತಾರೆ. ನಾನೇ ಅವರನ್ನು ಎಷ್ಟು ಸಲ ಆಡಿಕೊಂಡಿದ್ದೇನೋ.

ನನ್ನ ಸ್ವಂತದ ಕಲ್ಲೊಂದಿದೆ. ಮೊಟ್ಟೆಯಷ್ಟು ದಪ್ಪ, ಕಬ್ಬಿಣದ ಟೊಪ್ಪಿ ಹಾಕಿ ಬಲ ಹೆಚ್ಚಿಸಿದ್ದು. ಉಣ್ಣೆಯಲ್ಲಿ ಸುತ್ತಿ ಗರಿಗಳ ನಡುವೆ ಹೊಲಿದಿದ್ದೇನೆ. ನಂಬಿಕೆ ಇಲ್ಲ. ಬೆಳ್ಳುಳ್ಳಿಯನ್ನು ನಂಬದವನು ಇದನ್ನು ನಂಬುತ್ತೇನೆಯೇ? ಆದರೂ ಮೂವತ್ತೆರಡು ಹಲ್ಲು.

*

ಟಾಪ್ಶಮ್
೯ ಏಪ್ರಿಲ್

ಟೋಬಿ,

ದಿಂಬು ಬಂತು. ಚೆನ್ನಾಗಿದೆ. ರಾಣಿಯ ಹಾಗೆ ಮಲಗುತ್ತೇನೆ. ಇಷ್ಟು ಸಾಕಲ್ಲ?

ಅಪ್ಪ ಈಗ ದಂಡೆಯಲ್ಲಿ ಎಲ್ಲರಿಗೂ "ನಾನು ಲೋಡ್ಸ್‌ಮನ್ ಕಣ್ರಯ್ಯಾ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹ್ಯಾನಿಬಲ್ ಸ್ಯಾಂಡರ್ಸ್ ಗೊತ್ತಲ್ಲ, ಅಪ್ಪನ ಹಾಗೆ ಹಡಗಿಗೆ ದಾರಿ ತೋರಿಸುವ ದಾರಿಗಾರರಲ್ಲಿ ಎಲ್ಲರಿಗಿಂತ ಹಿರಿಯ? ಅವನು "ಹೊಸ ಹೆಸರು ಬಂದ್ರೆ ಹಳೇ ಬೆನ್ನುನೋವು ಹೋಗುತ್ತಾ ನೋಡು" ಅಂದನಂತೆ. ನಿಜ, ಬೆನ್ನುನೋವು ಜೋರಾಗಿದೆ.

ಫಿಚ್ ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಕೋಣೆಯಿಂದ ಹೊರಗೆ ಬರುವುದಿಲ್ಲ. ಹವಾಮಾನ ಇರಬೇಕು.

ಟ್ಯಾಮ್ಸಿನ್

*

ವಾಪಿಂಗ್
೧೫ ಏಪ್ರಿಲ್

ರಾಣಿಯವರಿಗೆ,

ರಾಣಿಯ ಹಾಗೆ ಎಂದರೆ ಯಾವ ರಾಣಿಯ ಹಾಗೆ? ಮಧ್ಯೆ ಎಚ್ಚರವಾಯಿತೇ? ಯಾವ ಮಗ್ಗುಲಿಗೆ ಹೊರಳಿದೆ? ಬೆಳಿಗ್ಗೆ ಎದ್ದಾಗ ಮಂಚದ ಮೇಲೇ ಇದ್ದೆಯೋ ಬೇರೆಲ್ಲಾದರೂ ಇದ್ದೆಯೋ? ನಗಬೇಡ. ದಿಂಬಿನ ವ್ಯಾಪಾರ ಶುರುಮಾಡುವ ಆಲೋಚನೆಯಿದೆ, ಅದಕ್ಕೆ ಬೇಕು.

ಫಿಚ್ಚನ ಕಾಯಿಲೆ ಹವಾಮಾನದ್ದಲ್ಲ. ಅದು ನನಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಮೂರು ವರ್ಷದ ಹಿಂದೆ ನಿಮ್ಮೂರಿಗೆ ಬಂದಿದ್ದಾಗ ನಿಮ್ಮ ಮನೆಯ ಮೆಟ್ಟಿಲ ಮೇಲೆ ಅದೇ ಕಾಯಿಲೆಯಿಂದ ನಾನೂ ಊಟ ಬಿಟ್ಟು ಕೂತಿದ್ದೆ. ಹನ್ನೆರಡು ಮಾತು ಕೊಟ್ಟೆ ಎಂದು ನೀನು ಬರೆದಿದ್ದೆ. ಹದಿಮೂರನೆಯದನ್ನು ಕೇಳಿದನೇ? ನೀನು ಕೊಟ್ಟೆಯಾ?

ಇದನ್ನು ತಮಾಷೆ ಎಂದು ಓದಿಕೊ. ಇಲ್ಲದಿದ್ದರೆ ಹೇಗೆ ಬೇಕಾದರೂ ಓದಿಕೊ.

ಟೋಬಿ

*

ಟಾಪ್ಶಮ್
೩ ಮೇ

ಟೋಬಿ,

ನಿನ್ನ ಪ್ರಶ್ನೆಗಳಿಗೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿಲ್ಲ.

ಕಳೆದ ಗುರುವಾರ ಹಾಲೆಂಡಿನಿಂದ ಬಂದ ಹಡಗೊಂದನ್ನು ಅಪ್ಪ ಅಳಿವೆಯೊಳಗೆ ತರುತ್ತಿದ್ದರು. ಬೆಳಗಿನ ಮಂಜು, ದಡ ಕಾಣುತ್ತಿರಲಿಲ್ಲ. ಅಂಥ ಮಂಜಿನಲ್ಲಿ ದಿಕ್ಸೂಚಿ ನೋಡಿಕೊಂಡೇ ನೂರು ಸಲ ತಂದಿದ್ದಾರೆ. ಈ ಸಲ ಹಡಗು ನೇರ ಮರಳ ದಿಬ್ಬಕ್ಕೆ ಹೋಗಿ ಕೂತಿತು. ಮುರಿದ ಪಟಸ್ತಂಭದಡಿ ಸಿಕ್ಕಿ ಯಾನ್ ಎಂಬ ನಾವಿಕನ ತೋಳು ಮುರಿಯಿತು. ಅವನು ನಮ್ಮ ಮನೆಯಲ್ಲೇ ಇದ್ದಾನೆ, ಇನ್ನೆಲ್ಲಿ ಹೋಗಬೇಕು?

ಅಪ್ಪ ಒಂದೇ ಮಾತು ಹೇಳುತ್ತಾರೆ: "ನಾನು ಸೂಜಿ ನೋಡ್ಕೊಂಡೇ ನಡೆಸ್ದೆ." ಹಡಗಿನ ಯಜಮಾನ ಹೇಳುತ್ತಾನೆ: "ಮುದುಕ ಕುಡಿದಿದ್ದ." ಆಗ ಅಪ್ಪನೇ ಫಿಚ್ ಅವರನ್ನು ಕರೆದರು, "ನೀವು ಓದಿದೋರು, ಆ ದಿಕ್ಸೂಚಿ ನೋಡಿ ಹೇಳಿ" ಎಂದು. ಫಿಚ್ ಅವರು ಹೋಗಿ ಮೂರು ಸಲ ಅಳೆದರು. ಕೂದಲೆಳೆಯಷ್ಟೂ ತಪ್ಪಿಲ್ಲ. ಅದನ್ನೇ ದಾರಿಗಾರರ ಮುಂದೆ ಹೇಳಿದರು. ಬೇರೇನು ಹೇಳಲು ಸಾಧ್ಯವಿತ್ತು? ಮನೆಗೆ ಬಂದು "ನನ್ನಿಂದ ಸುಳ್ಳು ಹೇಳೋಕಾಗ್ಲಿಲ್ಲ, ಪಿಮ್ ಅವರೇ" ಅಂದರು. ಅಪ್ಪ ಗೋಡೆ ಕಡೆ ತಿರುಗಿ ಕೂತರು. ಅಂದಿನಿಂದ ಫಿಚ್ ಅವರ ಜೊತೆ ಅಪ್ಪನಿಗೆ ಮಾತಿಲ್ಲ.

ಜೂನ್ ಹನ್ನೆರಡಕ್ಕೆ ದಾರಿಗಾರರ ಸಭೆ. ಅಪ್ಪನ ಕೈಯಿಂದ ಅಳಿವೆಯನ್ನು ಕಿತ್ತುಕೊಳ್ಳುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದಾರೆ.

ಟ್ಯಾಮ್ಸಿನ್

*

ವಾಪಿಂಗ್
೮ ಮೇ

ಟ್ಯಾಮ್ಸಿನ್,

ನಿಮ್ಮಪ್ಪ ಕುಡಿದು ಹಡಗು ನಡೆಸುವವರಲ್ಲ. ಹಾಗೆಂದವನ ಮೂಗನ್ನು ಮರಳ ದಿಬ್ಬಕ್ಕೆ ಮೊಳೆ ಹೊಡೆಯಬೇಕು.

ಮೂವತ್ತೆರಡು ಹಲ್ಲಿನವರು ಸತ್ಯ ಹೇಳಿದರಂತೆ. ಆಹಾ. ಸೈಡರ್ ಕುಡಿಯುವಾಗ ಒಂದೇ ಮನೆತನ, ದಾರಿಗಾರರ ಮುಂದೆ ನಿಂತಾಗ ಕೂದಲೆಳೆಯಷ್ಟೂ ತಪ್ಪಿಲ್ಲ. ಇನ್ನು ನಿಮ್ಮ ಮನೆಯಲ್ಲಿ ಅವರಿಗೆ ಯಾರು ಬಡಿಸುತ್ತಾರೋ ನೋಡೋಣ.

ಈಗ ಕೆಲಸದ ಮಾತು. ಇದರಲ್ಲಿ ಪಂಡಿತ ನಾನು. ಹಡಗು ಕೂತ ಮೇಲೆ ಸೂಜಿ ಸರಿಯಿದೆ ಎಂದ ಮಾತ್ರಕ್ಕೆ ಕೂರುವ ಮೊದಲು ಸರಿಯಿತ್ತು ಎಂದೇನಲ್ಲ. ದಿಕ್ಸೂಚಿಯ ಗೂಡಿನ ಪಕ್ಕ ಯಾರೋ ಏನೋ ಇಟ್ಟಿರಬೇಕು. ಬಂದೂಕು, ಕಬ್ಬಿಣದ ಮಡಕೆ, ದೊಡ್ಡ ಚಾಕು, ಯಾವುದಾದರೂ ಸಾಕು, ಸೂಜಿ ಅದರ ಕಡೆ ತಿರುಗುತ್ತದೆ. ಆಮೇಲೆ ಅದನ್ನು ತೆಗೆದಿರಬೇಕು. ಆ ಬೆಳಿಗ್ಗೆ ಕೈಯಳತೆಯಲ್ಲಿ ಏನೇನಿತ್ತು ಎಂದು ಅಪ್ಪನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳು. ಸಣ್ಣದೆಂದು ಯಾವುದನ್ನೂ ಬಿಡಬೇಡ. ಆ ವಸ್ತು ಸಿಕ್ಕರೆ ನಿಮ್ಮಪ್ಪನ ಮಾನ ಉಳಿಯುತ್ತದೆ, ಫಿಚ್ಚನದು ಹೋಗುತ್ತದೆ.

ಟೋಬಿ

*

ಟಾಪ್ಶಮ್
೧೪ ಮೇ

ಟೋಬಿ,

ಕೇಳಿದೆ. ಒಂದು ಮಧ್ಯಾಹ್ನ ಪೂರ್ತಿ ಕೇಳಿದೆ.

"ಬಂದೂಕು?"

"ಇಲ್ಲ."

"ಚಾಕು?"

"ಚಾಕು ಇಟ್ಕೊಂಡು ಸೂಜಿ ಹತ್ರ ಕೂರೋಕೆ ನಾನೇನು ನಿನ್ನೆ ಹುಟ್ಟಿದೋನಾ?"

"ಮತ್ತೇನಿತ್ತು?"

"ನಾನಿದ್ದೆ. ಚುಕ್ಕಾಣಿ ಹಿಡಿದೋನಿದ್ದ. ಬೆನ್ನಿಗೆ ದಿಂಬಿತ್ತು."

ಅಷ್ಟೇ. ಕೋಟಿನ ಹಿತ್ತಾಳೆ ಗುಂಡಿ ಬಿಟ್ಟರೆ ಬೇರೇನೂ ಇಲ್ಲ.

ದಿಂಬಿನ ವಿಷಯ ಬಂದ ಮೇಲೆ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅದರ ಮೇಲೆ ನಾನು ಒಂದು ರಾತ್ರಿಯೂ ಮಲಗಿಲ್ಲ. ಬಂದ ದಿನವೇ ಅಪ್ಪನ ಬೆನ್ನಿಗೆ ಕೊಟ್ಟೆ. ನಿನಗೆ ಬೇಸರವಾದೀತೆಂದು ಸುಳ್ಳು ಬರೆದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಹಡಗಿಗೆ ಹೋದರೂ ಬಿಡುತ್ತಿರಲಿಲ್ಲ. ಅವತ್ತೂ ದಿಕ್ಸೂಚಿಯ ಗೂಡಿಗೇ ಅದನ್ನು ಆನಿಸಿ ಒರಗಿ ಕೂತಿದ್ದರಂತೆ. "ಮಧ್ಯದಲ್ಲೇನೋ ಗಟ್ಟಿ ಇದೆ, ನೋವಿನ ಜಾಗಕ್ಕೇ ಸರಿಯಾಗಿ ಒತ್ತುತ್ತೆ. ಲಂಡನ್ನಿನೋರು ಗರಿ ತುಂಬೋದ್ರಲ್ಲೂ ಜಾಣರು" ಎನ್ನುತ್ತಾರೆ.

ಇನ್ನೇನು ಕೇಳಲಿ? ಬೇಗ ಬರೆ.

ಟ್ಯಾಮ್ಸಿನ್

*

ಟಾಪ್ಶಮ್
೩೦ ಮೇ

ಟೋಬಿ,

ಯಾಕೆ ಬರೆಯಲಿಲ್ಲ? ದಿಂಬಿಗಾಗಿ ಮುನಿಸೇ? ಇಂಥ ಹೊತ್ತಿನಲ್ಲೇ?

ಅಪ್ಪ ದಂಡೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಕಿಟಕಿಯಲ್ಲಿ ಕೂತು ಬೇರೆಯವರು ಹಡಗು ತರುವುದನ್ನು ನೋಡುತ್ತಾರೆ. ನಿನ್ನೆ "ನಾನು ನಿಜವಾಗ್ಲೂ ಸೂಜಿ ನೋಡ್ದೆನೇನೇ, ಟ್ಯಾಮ್? ನೋಡ್ದೆ ಅಂತ ಬರೀ ಅಂದ್ಕೊಂಡ್ನಾ?" ಎಂದು ನನ್ನನ್ನೇ ಕೇಳಿದರು.

ಸಭೆಗೆ ಹದಿಮೂರು ದಿನ ಇದೆ.

ಟ್ಯಾಮ್ಸಿನ್

*

ವಾಪಿಂಗ್
೩ ಜೂನ್

ಟ್ಯಾಮ್ಸಿನ್,

ಈ ಕಾಗದವನ್ನು ದಾರಿಗಾರರ ಸಭೆಯಲ್ಲಿ ಓದಬೇಕು. ಆದ್ದರಿಂದ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ.

ದಿಂಬಿನೊಳಗಿನ ಆ ಗಟ್ಟಿ ವಸ್ತು ಸೂಜಿಗಲ್ಲು. ಅದನ್ನು ಒಳಗಿಟ್ಟು ಹೊಲಿದವನು ನಾನು. ಯಾಕೆಂಬುದು ಇದರ ಜೊತೆಗಿರುವ ಹಾಳೆಯಲ್ಲಿದೆ. ಮಾರ್ಚ್ ಇಪ್ಪತ್ತರಂದು ಬರೆದದ್ದು, ಆಗ ಕಳುಹಿಸಲಿಲ್ಲ. ಒಂದಕ್ಷರವನ್ನೂ ತಿದ್ದಿಲ್ಲ.

ಎಝೆಕೀಲ್ ಪಿಮ್ ಅವರು ಸೂಜಿ ನೋಡಿದ್ದು ನಿಜ. ಸೂಜಿ ಅವರ ಬೆನ್ನ ಹಿಂದಿನ ಕಲ್ಲನ್ನು ನೋಡುತ್ತಿತ್ತು. ದಿಂಬನ್ನು ಹಡಗಿಗೆ ಒಯ್ದು ಗೂಡಿಗೆ ಆನಿಸಿ ನೋಡಲಿ, ಎಲ್ಲರಿಗೂ ಕಾಣುತ್ತದೆ. ಎಷ್ಟು ತಿರುಗಿತೆಂದು ಫಿಚ್ ಅವರೇ ಅಳೆಯಲಿ. ಅವರು ಅಳೆದರೆ ಯಾರೂ ಅನುಮಾನಿಸುವುದಿಲ್ಲ.

ಯಾನ್ ಅವರ ತೋಳಿಗೂ ಕಾರಣ ನಾನೇ. ಅವರಿಗೆ ಏನು ಹೇಳಬೇಕೆಂದು ಗೊತ್ತಾಗುತ್ತಿಲ್ಲ.

ಇಷ್ಟು ಸಭೆಗೆ. ಮುಂದಿನದು ನಿನಗೆ. ಬೇಕಾದರೆ ಇದನ್ನೂ ಓದು.

ನಿನ್ನ ಮೇ ಹದಿನಾಲ್ಕರ ಕಾಗದ ಬಂದ ದಿನವೇ ನನಗೆ ತಿಳಿಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ತಿಳಿಯಿತು. ದಿಂಬನ್ನು ಬದಲಾಯಿಸಿ ಕೊಡುತ್ತೇನೆ, ಹಳೆಯದನ್ನು ಕಳುಹಿಸು ಎಂದು ಬರೆಯಲು ಎರಡು ಸಲ ಕೂತೆ. ಸುಮ್ಮನಿದ್ದರೆ ಅಕ್ಟೋಬರಿನಲ್ಲಿ ಮದುವೆ, ಹೇಳಿದರೆ ಇಲ್ಲ. ಇದನ್ನೇ ತಿರುಗಿಸಿ ಮುರುಗಿಸಿ ಎರಡು ವಾರ ಕಳೆದೆ. ಅಪ್ಪ ನಿನ್ನನ್ನು ಕೇಳಿದ ಆ ಮಾತನ್ನು ನೀನು ಬರೆಯದಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ಫಿಚ್ ಅವರ ಮಾತಿನಿಂದ ನಿಮ್ಮಪ್ಪನಿಗೆ ಪೆಟ್ಟಾಯಿತು ಎಂದು ಓದಿದಾಗ ಮೊದಲು ನನಗೆ ಖುಷಿಯಾಯಿತು. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಆ ಕಲ್ಲಿನ ಹೆಸರಿನ ಬಗ್ಗೆ ಅವರು ಹೇಳಿದ್ದು ಸರಿ. ಯಜಮಾನರು ಹೇಳಿದ್ದು ತಪ್ಪು. ಏಳು ವರ್ಷ ಮುಟ್ಟಿದರೂ ಅದು ಯಾತಕ್ಕಿರುವ ಕಲ್ಲು ಎಂದು ನನಗೆ ಗೊತ್ತಿರಲಿಲ್ಲ.

ಟೋಬಿ ಲಸ್ಕಂಬ್

*

ಟಾಪ್ಶಮ್
೧೫ ಜೂನ್

ಟೋಬಿ,

ಓದಿದೆ. ಸಭೆಯಲ್ಲಿ ನಿಂತು ನಾನೇ ಓದಿದೆ. ಫಿಚ್ ಅವರು "ನಾನು ಓದ್ಲಾ?" ಎಂದರು, ಬೇಡವೆಂದೆ.

ಮೊದಲ ಭಾಗ ಓದಿ ಮುಗಿಸಿದೆ. ಆಮೇಲೆ ಆ ಹಾಳೆ. "ಮಂಚದಿಂದ ಉರುಳಿ ಬೀಳುತ್ತಾಳೆ" ಎಂಬಲ್ಲಿಗೆ ಬಂದಾಗ ಹ್ಯಾನಿಬಲ್ ಸ್ಯಾಂಡರ್ಸ್ ಮೇಜು ಕುಟ್ಟಿದ.

"ಎಝೆಕೀಲ್, ನೀನು ಬಿದ್ಯೇನೋ?"

"ನಾನ್ಯಾಕೆ ಬೀಳ್ಲಿ? ಹಡಗು ಬಿತ್ತು," ಅಂದರು ಅಪ್ಪ.

ಇಪ್ಪತ್ತು ಜನ ಬಿದ್ದು ಬಿದ್ದು ನಕ್ಕರು. ನಾನು ಹಾಳೆ ಹಿಡಿದುಕೊಂಡು ಅವರ ನಡುವೆ ನಿಂತಿದ್ದೆ. ನನ್ನ ಮನಸ್ಸು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದು ಈಗ ಇಡೀ ದಂಡೆಯ ಮಾತಾಗಿದೆ. ಮೀನು ತರಲು ಹೋದರೆ "ದಿಂಬು ಹೇಗಿದೆ?" ಎನ್ನುತ್ತಾರೆ. ಬಾಗಿಲ ಹತ್ತಿರ ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಯಾನ್ ಮಾತ್ರ ನಗಲಿಲ್ಲ. ಅವನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಯಾರೋ ವಿವರಿಸಿದರು. ಆಮೇಲೂ ನಗಲಿಲ್ಲ. ನಗು ಅಲ್ಲಿಗೆ ನಿಂತಿತು.

ಎಲ್ಲರೂ ದಂಡೆಯಲ್ಲಿ ದುರಸ್ತಿಗೆ ನಿಂತಿದ್ದ ಆ ಹಡಗಿಗೆ ಹೋದೆವು. ದಿಂಬನ್ನು ಗೂಡಿಗೆ ಆನಿಸಿದರು. ಸೂಜಿ ಉತ್ತರವನ್ನು ಬಿಟ್ಟು ದಿಂಬಿನ ಕಡೆ ತಿರುಗಿ ನಡುಗುತ್ತಾ ನಿಂತಿತು. ಫಿಚ್ ಅವರು ಅಳೆದು ಬರೆದು ಸಹಿ ಹಾಕಿದರು. ಅಪ್ಪ ಆ ಸೂಜಿಯನ್ನು ಎಷ್ಟೋ ಹೊತ್ತು ನೋಡಿದರು. ಮರುದಿನ ಬೆಳಿಗ್ಗೆ ಎದ್ದು ಅಳಿವೆಗೆ ಹೋದರು.

ನಿನ್ನ ವಿಷಯ ಏನೆನ್ನುತ್ತೀರಿ ಎಂದು ಅಪ್ಪನನ್ನು ಕೇಳಿದೆ. "ಬರೆದನಲ್ಲ, ಅದು ಸಣ್ಣದಲ್ಲ. ಹೊಲಿದನಲ್ಲ, ಅದೂ ಸಣ್ಣದಲ್ಲ. ಉಳಿದದ್ದು ನಿನಗೆ ಬಿಟ್ಟದ್ದು" ಅಂದರು.

ಹಾಗಾದರೆ ಉಳಿದದ್ದನ್ನು ಹೇಳುತ್ತೇನೆ.

ಏಪ್ರಿಲ್ ಏಳರಂದು ಫಿಚ್ ಅವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ, ಟೊಪ್ಪಿ ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿ ಕೇಳಿದರು. ನಾನು ಇಲ್ಲ ಎಂದೆ. ಅದಕ್ಕೇ ಅವರು ಊಟ ಬಿಟ್ಟದ್ದು. ನಿನಗೆ ಬರೆಯಲಿಲ್ಲ, ಯಾಕೆಂದರೆ ನೀನು ಅದನ್ನು ಆಡಿಕೊಳ್ಳುತ್ತಿದ್ದೆ, ಆ ಮನುಷ್ಯ ಆಡಿಸಿಕೊಳ್ಳಬೇಕಾದವರಲ್ಲ. ನಿನ್ನೆ ಪುಸ್ತಕದ ಪೆಟ್ಟಿಗೆ ಹೊರಿಸಿಕೊಂಡು ಊರು ಬಿಟ್ಟು ಹೋದರು.

ನೀನು ಮೂರು ವರ್ಷದಲ್ಲಿ ನಮ್ಮಪ್ಪನನ್ನು ಕೇಳಿದ್ದೀಯ. ಒಂದು ಕಲ್ಲನ್ನು ಕೇಳಿದ್ದೀಯ. ನನ್ನನ್ನು ಕೇಳಿದ್ದು ನನಗೆ ನೆನಪಿಲ್ಲ.

ಸೆಪ್ಟೆಂಬರಿನಲ್ಲಿ ಕರಾರು ಮುಗಿದ ಮೇಲೆ ಬಾ. ಮೊದಲು ಯಾನ್ ಹತ್ತಿರ ಹೋಗು. ಅವನು ಅಷ್ಟರೊಳಗೆ ಊರಿಗೆ ಹೋಗಿದ್ದರೆ ಹಾಲೆಂಡಿಗೆ ಹೋಗಿ ಬಂದು ಆಮೇಲೆ ನಮ್ಮ ಮನೆಗೆ ಬಾ. ಅದೇ ಬಾಗಿಲಲ್ಲಿ ನಿಂತು, ಟೊಪ್ಪಿ ತೆಗೆದು, ನನ್ನ ಮುಖ ನೋಡಿ ಕೇಳು. ಏನು ಹೇಳುತ್ತೇನೋ ನನಗೇ ಇನ್ನೂ ಗೊತ್ತಿಲ್ಲ. ಫಿಚ್ ಅವರನ್ನು ಒಂದೇ ಮಾತಿನಲ್ಲಿ ಕಳುಹಿಸಿದೆ. ನಿನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳುತ್ತೇನೆ.

ಟ್ಯಾಮ್ಸಿನ್ ಪಿಮ್